ನೇರಳೆ ಹಣ್ಣಾಗುವ ತನಕ

"ಗುರುಗಳೇ, ಹಿರಿಯರು ಹೇಳಿಟ್ಟ ಮಾತು ಒಂದು ಕಡೆ ಎಳೆದು, ಕಣ್ಣಿಗೆ ಕಂಡದ್ದು ಇನ್ನೊಂದು ಕಡೆ ಎಳೆದರೆ ಯಾವುದನ್ನು ಹಿಡಿಯಬೇಕು?" ಎಂದು ಮರುಳಯ್ಯ ಕೇಳಿದ.

ಮರುದಿನ ಬೆಳಿಗ್ಗೆ ಅವನು ದೂರದ ಊರೊಂದರ ಕಿರುಮಠಕ್ಕೆ ಹೊರಡುವವನಿದ್ದ. ಹನ್ನೆರಡು ವರ್ಷ ಗುರುಗಳ ಬಳಿ ಕೂತು ಕಲಿತಿದ್ದ. ಅಲ್ಲಿಗೆ ಹೋದ ಮೇಲೆ ಜನ ಬಂದು ಕೇಳುತ್ತಾರೆ, ಕೇಳಿದಾಗ ತಡಬಡಾಯಿಸುವಂತಾಗಬಾರದು ಎಂಬ ಅಳುಕು ಅವನಿಗೆ. ಅದಕ್ಕೇ ಇನ್ನೊಂದು ಮಾತು ಸೇರಿಸಿದ: "ಒಂದೇ ಒಂದು ಸೂತ್ರ ಕೊಡಿ. ಗಂಟು ಕಟ್ಟಿಕೊಂಡು ಹೋಗುತ್ತೇನೆ."

ಗುರುಗಳು ಸೂತ್ರ ಕೊಡಲಿಲ್ಲ. ಕತೆ ಹೇಳಿದರು.

ಒಂದು ಬೆಟ್ಟದ ಬುಡದಲ್ಲಿ ದನ ಸಾಕುವವರ ಊರಿತ್ತು. ಹೊಲ ಇದ್ದದ್ದು ಅಷ್ಟಕ್ಕಷ್ಟೆ. ಅವರ ಅನ್ನವೆಲ್ಲ ಬೆಟ್ಟದ ಮೇಲಿನ ಹುಲ್ಲು. ಆ ಹುಲ್ಲುಗಾವಲು ಊರಿಗೆ ಕಾಣುತ್ತಿರಲಿಲ್ಲ. ಮೊದಲ ದಿಣ್ಣೆ ಹತ್ತಿ ಇಳಿದರೆ ಅದರಾಚೆ ಇತ್ತು. ವರ್ಷದಲ್ಲಿ ಏಳೆಂಟು ತಿಂಗಳು ದನಗಳು ಅಲ್ಲಿ ಮೇಯುತ್ತಿದ್ದವು. ಮಾಗಿ ಕಳೆಯುವ ಹೊತ್ತಿಗೆ ಹುಲ್ಲು ತೀರುತ್ತಿತ್ತು. ಆಗ ಬೆಟ್ಟವನ್ನು ಮುಚ್ಚುತ್ತಿದ್ದರು.

ಮುಚ್ಚುವುದೆಂದರೆ ಗೋಡೆ ಕಟ್ಟುವುದಲ್ಲ. ಮೇಲೆ ಹೋಗುವ ದಾರಿಯಲ್ಲಿ ಎರಡು ಬಂಡೆಗಳಿದ್ದವು. ಹಳೆಯ ಹುಲ್ಲನ್ನು ಹೊಸೆದು ಹುರಿ ಮಾಡಿ ಆ ಬಂಡೆಗಳ ನಡುವೆ ಅಡ್ಡ ಕಟ್ಟುತ್ತಿದ್ದರು. ಒಂದು ಮೇಕೆ ತಲೆಯಿಂದ ತಳ್ಳಿದರೂ ಕಿತ್ತುಹೋಗುವ ಹುರಿ. ಆದರೂ ಅದನ್ನು ಯಾರೂ ದಾಟುತ್ತಿರಲಿಲ್ಲ. ಬೆಟ್ಟ ಬಾಣಂತನಕ್ಕೆ ಕೂತಿದೆ, ಬಾಣಂತಿಯ ಕೋಣೆಗೆ ಇಣುಕಬಾರದು ಎನ್ನುತ್ತಿದ್ದರು. ಮಾತಿನಲ್ಲಿ ಅರ್ಥವಿತ್ತು. ಎಳೆ ಚಿಗುರಿನ ಮೇಲೆ ಕಾಲಿಟ್ಟರೆ ಅದು ಮತ್ತೆ ಏಳುವುದಿಲ್ಲ.

ಹಾಗಾದರೆ ಮೇಲೆ ಹುಲ್ಲು ಬೆಳೆದದ್ದು ಕೆಳಗಿನವರಿಗೆ ತಿಳಿಯುವುದು ಹೇಗೆ? ಅದಕ್ಕೆ ಹಿರಿಯರು ಒಂದು ಗುರುತು ಇಟ್ಟಿದ್ದರು. ಊರ ಮುಂದೆ ಒಂದು ನೇರಳೆ ಮರ. ಅದರ ಮೊದಲ ಹಣ್ಣು ತಾನಾಗಿ ನೆಲಕ್ಕೆ ಬಿದ್ದ ದಿನ ಮೇಲೆ ಹುಲ್ಲು ಮೊಣಕಾಲುದ್ದ ಬಂದಿರುತ್ತಿತ್ತು. ಹೆಚ್ಚುಕಡಿಮೆ ಕಾರ ಹುಣ್ಣಿಮೆಯ ಆಸುಪಾಸು. ಹಣ್ಣು ಬಿದ್ದದ್ದನ್ನು ನೋಡಿ ಹುರಿ ಕೊಯ್ಯುವುದಕ್ಕೆ ಒಬ್ಬ ಕಾವಲುಗಾರನಿದ್ದ. ಅವನ ಅಪ್ಪನೂ ಅದೇ ಕೆಲಸ ಮಾಡಿದ್ದ, ಅಜ್ಜನೂ ಮಾಡಿದ್ದ. ಆರು ತಲೆಮಾರು ಆ ಗುರುತು ಸುಳ್ಳಾಗಿರಲಿಲ್ಲ. ಅಷ್ಟು ಕಾಲ ಸುಳ್ಳಾಗದ ಮಾತಿಗೆ ಜನ ದೇವರ ಪಕ್ಕದಲ್ಲೇ ಜಾಗ ಕೊಡುತ್ತಾರೆ. ಕೊಡಲಿ, ತಪ್ಪೇನಿಲ್ಲ.

ಆದರೆ ಹತ್ತು ಹದಿನೈದು ವರ್ಷಗಳಿಂದ ಕಾಲ ಜರುಗುತ್ತ ಬಂದಿತ್ತು. ಮಾಗಿಯಲ್ಲಿ ಬೆಟ್ಟದ ತಲೆಯ ಮೇಲೆ ಹೆಪ್ಪುಗಟ್ಟುತ್ತಿದ್ದ ಇಬ್ಬನಿ ಈಗ ಹೆಪ್ಪುಗಟ್ಟುತ್ತಿರಲಿಲ್ಲ. ಕಂಬಳಿ ಹೊದ್ದು ದನ ಹೊಡೆಯುತ್ತಿದ್ದ ಮುದುಕರು ಅದನ್ನು ಮಡಿಸಿ ಹೆಗಲಿಗೆ ಹಾಕಿಕೊಳ್ಳತೊಡಗಿದ್ದರು. ಯಾವ ನಕ್ಷತ್ರಕ್ಕೆ ಯಾವ ಮಳೆ ಎಂಬುದು ಮಳೆಗೇ ಮರೆತುಹೋಗಿತ್ತು. ಒಂದೊಂದು ವರ್ಷ ಹಣ್ಣು ಬೀಳುವ ಹೊತ್ತಿಗೆ ಹುಲ್ಲು ಸ್ವಲ್ಪ ಹೆಚ್ಚೇ ಬಲಿತಿರುತ್ತಿತ್ತು. ನಾಲ್ಕು ದಿನ ಹಿಂದೆ ಮುಂದೆ ಆಗುವುದುಂಟು ಎಂದು ಊರು ಸುಮ್ಮನಾಗುತ್ತಿತ್ತು.

ಒಂದು ವರ್ಷ ಮಾಘ ಮುಗಿಯುವ ಮುಂಚೆಯೇ ಮಳೆ ಬಂತು. ಫಾಲ್ಗುಣದಲ್ಲೂ ಬಿಡಲಿಲ್ಲ. ಒಂದೇ ಮಳೆ ಎರಡು ಕಡೆ ಎರಡು ಕೆಲಸ ಮಾಡಿತು. ಮೇಲೆ, ಬೆಚ್ಚಗಿದ್ದ ಮಣ್ಣಿನಿಂದ ಹುಲ್ಲನ್ನು ಎಬ್ಬಿಸಿತು. ಕೆಳಗೆ, ನೇರಳೆಯ ಹೂವನ್ನೆಲ್ಲ ಬಡಿದು ಉದುರಿಸಿತು. ಮರ ಸುಮ್ಮನೆ ನಿಂತು, ತಡವಾಗಿ ಮತ್ತೆ ಹೂ ಬಿಟ್ಟಿತು. ಹುಲ್ಲು ಎರಡು ತಿಂಗಳು ಮುಂದೆ ಹೋಯಿತು, ಅದರ ಗುರುತು ಮೂರು ವಾರ ಹಿಂದೆ ಬಿತ್ತು. ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಮಳೆ ನಿಂತುಬಿಟ್ಟಿತು. ಕೆಳಗೆ ಚಿಗುರಿದ್ದನ್ನು ದನಗಳು ಅಂದಂದೇ ನೆಕ್ಕಿ ಮುಗಿಸಿದವು. ವೈಶಾಖದ ಹೊತ್ತಿಗೆ ಕಣದ ಬಣವೆಗಳು ತೀರಿ ನೆಲ ಕಾಣುತ್ತಿತ್ತು. ಜನ ಹಲಸಿನ ಸೊಪ್ಪು, ಆಲದ ಸೊಪ್ಪು ಕಡಿದು ತಂದು ಹಾಕಿದರು. ದನಗಳ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸಿದಾಗ ಅವೆಲ್ಲ ಒಂದೇ ಸಲ ಮೂಗೆತ್ತಿ, ಹಗ್ಗ ಜಗ್ಗಿ ಕೂಗುತ್ತಿದ್ದವು. ಹಸಿವಿಗೆ ಕೂಗುತ್ತವೆ ಎಂದುಕೊಂಡರು. ಬರಿಯ ಹಸಿವಿಗೆ ಕೂಗುವ ದನ ಒಡೆಯನ ಮನೆಯ ಕಡೆ ಮುಖ ಮಾಡುತ್ತದೆ. ಇವು ಬೆಟ್ಟದ ಕಡೆ ಮುಖ ಮಾಡಿದ್ದವು. ಕಾವಲುಗಾರ ಇದನ್ನು ಗಮನಿಸಿದ. ಗಮನಿಸಿ, ನೇರಳೆ ಮರದ ಕೆಳಗೆ ಹೋಗಿ ತಲೆಯೆತ್ತಿ ನೋಡಿದ. ಕಾಯಿ ಇನ್ನೂ ಮೆಣಸಿನ ಕಾಳಿನಷ್ಟಿತ್ತು.

ಅವನಿಗೆ ಒಬ್ಬಳು ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಎದುರು ಸಾಲಿನಲ್ಲೇ ಇದ್ದಳು. ಅವಳ ಬದುಕೆಲ್ಲ ಕೆಂದಿ ಎಂಬ ಒಂದು ಹಸು, ಅದರ ಹಿಂದಿನ ಸೂಲಿನ ಒಂದು ಕಡಸು. ಕೆಂದಿ ಆಗ ತುಂಬು ಗಬ್ಬ. ವೈಶಾಖದ ಹುಣ್ಣಿಮೆಯ ಮರುದಿನ ಅದು ಕಣ್ಣಿ ಹರಿದುಕೊಂಡಿತು. ನೇರ ಬೆಟ್ಟದ ದಾರಿ ಹಿಡಿದು, ಹುಲ್ಲುಹುರಿಯನ್ನು ಎದೆಯಿಂದ ತಳ್ಳಿ ಕಿತ್ತು, ಮೇಲೆ ಹೋಯಿತು. ತಂಗಿ ಹೆಸರು ಹಿಡಿದು ಕೂಗಿದಳು, ಅದು ತಿರುಗಲಿಲ್ಲ. ಹಿಂದೆ ಹೋಗಿ ಹೊಡೆದುಕೊಂಡು ಬರೋಣವೆಂದರೆ ಹುರಿಯಿದ್ದ ಗೆರೆಯನ್ನು ಮನುಷ್ಯರೂ ದಾಟುವಂತಿಲ್ಲ. ಊರೆಲ್ಲ ಬಂಡೆಗಳ ಹತ್ತಿರ ನಿಂತು ಕಾದಿತು. ಇಳಿಹೊತ್ತಿಗೆ ಕೆಂದಿ ತಾನಾಗಿಯೇ ನಿಧಾನವಾಗಿ ಇಳಿದು ಬಂತು.

ಹುರಿ ದಾಟಿದ ದನವನ್ನು ಕಾವಲುಗಾರನೇ ಹಿಡಿದು ದೊಡ್ಡಿಗೆ ಹಾಕಬೇಕು. ಬೆಟ್ಟವನ್ನು ಮೇಯಲು ಬಿಡುವ ತನಕ ಅದು ಅಲ್ಲೇ ಇರಬೇಕು. ನೀರು ಊರಿನದು, ಮೇವು ಒಡೆಯನದು. ಇದು ಕಟ್ಟಲೆ. ಅವನು ಹಗ್ಗ ಹಿಡಿದು ಹೋದ. ಕೊರಳಿಗೆ ಹಾಕಲು ಬಗ್ಗಿದಾಗ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಯಲ್ಲಿ ಏನೋ ಬೆರಳಿಗೆ ತಗುಲಿತು. ಕಿತ್ತು ನೋಡಿದ. ಊಬು.

ಹುಲ್ಲು ತೆನೆಯಾದ ಮೇಲೆ ಅದರ ತುದಿಗೆ ಬರುವ ಸೂಜಿಗೆ ಊಬು ಎನ್ನುತ್ತಾರೆ. ದನ ಕಾಯುವವನಿಗೆ ಅದೇ ಪಂಚಾಂಗ. ಹಸಿರಾಗಿ ಮೆತ್ತಗಿದ್ದರೆ ಹುಲ್ಲಿಗೆ ಇನ್ನು ಹತ್ತು ದಿನ ಆಯುಸ್ಸು. ಅಷ್ಟರಲ್ಲಿ ಮೇಯಿಸಬೇಕು, ಉಳಿದದ್ದನ್ನು ಕೊಯ್ದು ಒಣಗಿಸಿ ಬಣವೆ ಹಾಕಬೇಕು. ಊಬು ಕಂದಾಗಿ ತಿರುಚಿಕೊಂಡಿತೆಂದರೆ ಮುಗಿಯಿತು. ಹುಲ್ಲು ಕಡ್ಡಿಯಾಗುತ್ತದೆ, ಊಬು ದನದ ಬಾಯಿಗೆ ಚುಚ್ಚುತ್ತದೆ. ಅವನ ಬೆರಳುಗಳ ನಡುವೆ ಇದ್ದದ್ದು ಹಸಿರು ಊಬು.

ಮರುಳಯ್ಯ, ಆ ಕಾವಲುಗಾರ ದಡ್ಡನಲ್ಲ. ಆ ಗಳಿಗೆಯಲ್ಲೇ ಅವನಿಗೆ ಎಲ್ಲ ತಿಳಿಯಿತು. ಎದುರಿಗೆ ಊರು ನಿಂತಿದೆ. ಈಗ ಬಾಯಿ ತೆರೆದರೆ, ತಂಗಿಯ ಹಸು ದಾಟಿತು ಅದಕ್ಕೇ ಅಣ್ಣನಿಗೆ ಬೆಟ್ಟದಲ್ಲಿ ಹುಲ್ಲು ಕಂಡಿತು ಎನ್ನುವುದಿಲ್ಲವೇ? ಆರು ತಲೆಮಾರಿನ 'ಗುರುತು' ನನ್ನ ಕೈಯಲ್ಲೇ ಸುಳ್ಳಾಗಬೇಕೇ? ನಾಳೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡ. ಊಬನ್ನು ಬೆರಳಲ್ಲಿ ಹೊಸಕಿ ಕೆಳಗೆ ಬಿಟ್ಟ. ಹಸುವನ್ನು ದೊಡ್ಡಿಯ ಗೂಟಕ್ಕೆ ಕಟ್ಟಿದ. "ಒಡಹುಟ್ಟಿದೋಳು ಅಂತಾನೂ ನೋಡ್ಲಿಲ್ಲ, ಭೇಷ್" ಎಂದು ಊರು ಮೆಚ್ಚಿಕೊಂಡಿತು. ಅಂದೇ ಕಿತ್ತ ಹುರಿಯ ಜಾಗದಲ್ಲಿ ಹೊಸದನ್ನು ಕಟ್ಟಿದರು.

ಮರುದಿನ ಅವನು ಹೇಳಲಿಲ್ಲ. ಮೂರನೆಯ ದಿನ ಹೇಳಲೆಂದೇ ಮನೆಯಿಂದ ಹೊರಟ. ಆದರೆ 'ಮೊನ್ನೆಯೇ ಯಾಕೆ ಹೇಳಲಿಲ್ಲ?' ಎಂದು ಕೇಳಿದರೆ? ಮೊನ್ನೆಯಾಗಿದ್ದರೆ ಒಂದು ಮಾತು ಸಾಕಿತ್ತು, ಹುಲ್ಲು ಬಲಿತಿದೆ ಎಂದು. ಇವತ್ತು ಎರಡು ಮಾತು ಬೇಕು. ಹುಲ್ಲು ಬಲಿತಿದೆ, ಅದು ನನಗೆ ಗೊತ್ತಿತ್ತು. ಎರಡನೆಯದನ್ನು ಹೇಳಲಾರದೆ ಅರ್ಧ ದಾರಿಯಿಂದ ಹಿಂತಿರುಗಿದ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ದಿನಕ್ಕೆ ಹತ್ತು ಸಲ ನೇರಳೆ ಮರದ ಬುಡಕ್ಕೆ ಹೋಗಿ ನಿಂತ. ಹುಳು ಕೊರೆದಾದರೂ ಸರಿ, ಒಂದೇ ಒಂದು ಹಣ್ಣು ಉದುರಲಿ ಎಂದು ಬೇಡಿಕೊಂಡ. ಕಲ್ಲು ಹೊಡೆದು ಬೀಳಿಸೋಣವೆಂದರೂ ಹಣ್ಣಿರಲಿಲ್ಲ.

ಎಂಟನೆಯ ದಿನ ತಂಗಿ ಬಂದಳು. ತಲೆಯ ಮೇಲೆ ಸೊಪ್ಪಿನ ಹೊರೆ. ಅದನ್ನು ಇಳಿಸದೆ ಅಂಗಳದಲ್ಲಿ ನಿಂತೇ ಮಾತಾಡಿದಳು.

"ಅಣ್ಣಯ್ಯ, ಕೆಂದಿ ಸೊಪ್ಪು ಮೂಸಿ ಬಿಟ್ಟುಬಿಡ್ತಾಳೆ. ಬೆಟ್ಟದಿಂದ ಇಳಿದ ದಿನ ಅವಳ ಸಗಣಿ ನೋಡಿದ್ದೆ, ಹಚ್ಚಗಿತ್ತು. ಮೇಲೆ ಹುಲ್ಲು ಬಂದೈತೆ. ಒಂದು ಸಲ ಹೋಗಿ ನೋಡ್ಕೊಂಡು ಬಾ."

"ನೇರಳೆ ಹಣ್ಣಾಗಿಲ್ಲ ಕಣವ್ವ," ಎಂದ ಅವನು. ಅವಳ ಮುಖ ನೋಡಲಿಲ್ಲ.

"ದನ ನೇರಳೆ ಹಣ್ಣು ತಿನ್ನಲ್ಲ, ಅಣ್ಣಯ್ಯ."

ಅಷ್ಟು ಹೇಳಿ ಅವಳು ದೊಡ್ಡಿಯ ಕಡೆ ಹೋದಳು. ಊಬಿನ ಹತ್ತು ದಿನದಲ್ಲಿ ಅವನಿಗೆ ಇನ್ನು ಎರಡು ದಿನ ಉಳಿದಿತ್ತು. ಆ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಒಬ್ಬನೇ ಬಂಡೆಗಳ ತನಕ ಹೋದ. ಹುರಿಯ ಮೇಲೆ ಕೈಯಿಟ್ಟು ನಿಂತ. ಕಾಲೆತ್ತಿದರೆ ಆಚೆ. ಸುತ್ತಮುತ್ತ ಯಾರೂ ಇರಲಿಲ್ಲ. ಹೊತ್ತು ಇಳಿಯುವ ತನಕ ಹಾಗೆಯೇ ನಿಂತಿದ್ದು, ಮನೆಗೆ ಹಿಂತಿರುಗಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನ ಮನಸ್ಸು ಹಗುರಾಯಿತು. ಇನ್ನು ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಹೇಳಬೇಕಾಗಿಯೂ ಇಲ್ಲ. ಮನುಷ್ಯನ ಮನಸ್ಸು ಎಂಥ ಕಳ್ಳ ನೋಡು! ಅವನು ಅಂದು ಹೊಟ್ಟೆತುಂಬ ಉಂಡ.

ಕಾರ ಹುಣ್ಣಿಮೆ ಬಂತು. ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದರು. ಓಡಿಸಲಿಲ್ಲ, ಓಡುವ ಎತ್ತು ಊರಿನಲ್ಲಿರಲಿಲ್ಲ. ಜನ ಕಾವಲುಗಾರನ ಮುಖ ನೋಡಿದರು, ಅವನು ಮರದ ಕಡೆ ನೋಡಿದ. ಹಣ್ಣು ಬಿದ್ದಿರಲಿಲ್ಲ. ಬೇರೆಯವರ ದನಗಳು ಬೇಲಿ ಸಾಲು, ಹಳ್ಳದ ದಂಡೆ ಎಂದು ಅಲ್ಲಿ ಇಲ್ಲಿ ಬಾಯಾಡಿಸಿ ಜೀವ ಹಿಡಿದಿದ್ದವು. ದೊಡ್ಡಿಯಲ್ಲಿ ಕಟ್ಟಿದ ಕೆಂದಿಗೆ ಆ ದಾರಿಯೂ ಇರಲಿಲ್ಲ. ಹುಣ್ಣಿಮೆ ಕಳೆದು ಮೂರನೆಯ ದಿನ ಅದು ಕಾಲು ಮಡಿಸಿತು, ಮತ್ತೆ ಏಳಲಿಲ್ಲ. ಹಸು ಹೋದ ಮೇಲೂ ಹೊಟ್ಟೆಯೊಳಗೆ ಕರು ಮಿಸುಕುತ್ತಿದ್ದದ್ದು ತಂಗಿಯ ಕೈಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೂ ನಿಂತಿತು. ಅವಳು ಅದರ ಮೇಲೆ ಬಿದ್ದು ಅತ್ತಳು. ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿತ್ತು.

ಆಷಾಢದ ಆರನೆಯ ದಿನ ಮೊದಲ ಹಣ್ಣು ಬಿತ್ತು. ಕಾವಲುಗಾರ ಅದನ್ನು ಎತ್ತಿ ಊರಿಗೆ ತೋರಿಸಿದ, ಕುಡುಗೋಲಿನಿಂದ ಹುರಿ ಕೊಯ್ದ. ದನಗಳು ಎದ್ದು ಬಿದ್ದು ಹತ್ತಿದವು. ಮೇಲೆ ಬೆಟ್ಟವೆಲ್ಲ ಬೆಳ್ಳಗೆ ಒಣಗಿ ನಿಂತಿತ್ತು. ಗಾಳಿಗೆ ಕಡ್ಡಿಗೆ ಕಡ್ಡಿ ಬಡಿಯುವ ಸದ್ದು. ಹಸಿದ ದನಗಳು ಅದಕ್ಕೇ ಬಾಯಿ ಹಾಕಿದವು. ಸಂಜೆ ಇಳಿದು ಬಂದಾಗ ತುಟಿ, ನಾಲಿಗೆಯೆಲ್ಲ ಊಬು ಚುಚ್ಚಿ ರಕ್ತ ಸುರಿಯುತ್ತಿತ್ತು. ಮಾರನೆಯ ದಿನದಿಂದ ಅವು ನೀರನ್ನೂ ಕುಡಿಯಲಾರದೆ ನಿಂತವು. ಆ ವರ್ಷ ಊರಿನ ದನದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಒಂದು ಹೊರೆ ಒಣಹುಲ್ಲೂ ಕಣಕ್ಕೆ ಬರಲಿಲ್ಲ.

ಊರು ಕಟ್ಟೆಯಲ್ಲಿ ಸೇರಿತು. ಯಾರೂ ಅವನನ್ನು ದೂರಲಿಲ್ಲ. "ನೀನು ಕಟ್ಟಲೆ ತಪ್ಪಲಿಲ್ಲ ಕಣಪ್ಪ, ಕಾಲ ತಪ್ತು" ಎಂದು ಹಿರಿಯನೊಬ್ಬ ಸಮಾಧಾನ ಹೇಳಿದ. ತಪ್ಪಿಸಿಕೊಳ್ಳಲು ಅದಕ್ಕಿಂತ ದೊಡ್ಡ ಬಾಗಿಲು ಬೇಕಿರಲಿಲ್ಲ. ಅವನು ತಲೆಯಾಡಿಸಿ ಸುಮ್ಮನಿದ್ದಿದ್ದರೆ ಸಾಯುವ ತನಕ ಒಳ್ಳೆಯವನಾಗಿಯೇ ಇರುತ್ತಿದ್ದ. ಆದರೆ ಹೆಂಗಸರ ಸಾಲಿನಲ್ಲಿ ತಂಗಿ ಕೂತಿದ್ದಳು. ಅವನು ಎದ್ದು ನಿಂತು ಕುಡುಗೋಲನ್ನು ನೆಲಕ್ಕಿಟ್ಟ.

"ಕೆಂದಿ ಕೊರಳಲ್ಲಿ ಹಸಿ ಊಬಿತ್ತು. ನಾನು ಕಂಡೆ. ಕಂಡೂ ಹೇಳಲಿಲ್ಲ," ಎಂದ.

ಊರು ಕೂಗಾಡಿತು, ಮಣ್ಣು ತೂರಿತು. ಕುಡುಗೋಲನ್ನು ಬೇರೊಬ್ಬನ ಕೈಗೆ ಕೊಟ್ಟಿತು. ಅಲ್ಲಿಗೆ ನಿಂತಿದ್ದರೆ ನ್ಯಾಯವೇ ಆಗಿತ್ತು. ಆದರೆ ಗುರುತಿಲ್ಲದೆ ಊರಿಗೆ ನಿದ್ದೆ ಬರುವುದಿಲ್ಲ. ನೇರಳೆ ಹೋಯಿತು, ಇನ್ನು ಯಾವುದು? ಅದೇ ಹಿರಿಯ ಕೇಳಿದ, ಕೆಂದಿ ಹುರಿ ದಾಟಿದ್ದು ಯಾವತ್ತು ಎಂದು. ವೈಶಾಖದ ಹುಣ್ಣಿಮೆಯ ಮರುದಿನ. ಮೂಕಪ್ರಾಣಿ ನಮಗೆ ದಿನ ತೋರಿಸಿ ಸತ್ತಿತು ಎಂದು ಅವನು ಕೈಮುಗಿದ. ಎಲ್ಲರ ಕಣ್ಣಲ್ಲೂ ನೀರು ಬಂತು. ಇನ್ನು ಮುಂದೆ ಅದೇ ದಿನ ಬೆಟ್ಟ ಬಿಡಬೇಕೆಂದು ಕಟ್ಟಲೆ ಮಾಡಿದರು. ದೊಡ್ಡಿಯ ಗೂಟಕ್ಕೆ ಅರಿಸಿನ ಕುಂಕುಮ ಹಚ್ಚಿದರು. ಬದುಕಿದ್ದಾಗ ಹಿಡಿ ಮೇವು ಹಾಕದವರು ಸತ್ತ ಮೇಲೆ ತೆಂಗಿನಕಾಯಿ ಒಡೆದರು.

ಮರುವರ್ಷ ಮಳೆ ಮುಂಚೆಯೂ ಬರಲಿಲ್ಲ, ಹೊತ್ತಿಗೂ ಬರಲಿಲ್ಲ. ವೈಶಾಖದ ಹುಣ್ಣಿಮೆಗೆ ಎರಡು ದಿನ ಇರುವಾಗ ಆ ಹಳೆಯ ಕಾವಲುಗಾರ ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೇ, ಹುರಿಯನ್ನು ದಾಟಿ ಮೇಲೆ ಹೋದ. ಮುಚ್ಚಿದ ಬೆಟ್ಟವನ್ನು ಅವನು ಜನ್ಮದಲ್ಲಿ ಮೊದಲ ಸಲ ಕಂಡದ್ದು. ನೆಲ ಬೂದಿಯ ಬಣ್ಣಕ್ಕಿತ್ತು. ಮೊಣಕಾಲೂರಿ ಬೆರಳಿನಿಂದ ಕೆದಕಿದ. ಮಣ್ಣಿನೊಳಗೆ ಬೇರು ಜೀವ ಹಿಡಿದುಕೊಂಡಿತ್ತು. ಮೊಳಕೆ ಅಕ್ಕಿಕಾಳಿನಷ್ಟಿತ್ತು. ಮಳೆ ಬಂದರೂ ಇನ್ನು ಒಂದೂವರೆ ತಿಂಗಳು ಬೇಕು. ಅವನು ಒಂದೇ ಉಸಿರಿಗೆ ಇಳಿದು ಬಂದು ಕಟ್ಟೆಯ ಮುಂದೆ ನಿಂತ.

"ಈಗ ಬಿಡಬೇಡ್ರಪ್ಪ. ಮೇಲೆ ಏನೂ ಇಲ್ಲ, ದನ ಬೇರು ಸಮೇತ ಕೀಳ್ತವೆ. ನನ್ನ ಮಾತು ಬೇಡ, ನಿಮ್ಮಲ್ಲೇ ಯಾರಾದ್ರೂ ಒಬ್ಬರು ಬಂದು ನೋಡಿ."

"ಹೋದ ವರ್ಷ ಕಂಡಿದ್ದನ್ನ ಕಾಣ್ಲಿಲ್ಲ ಅನ್ನೋ ಹಂಗಿದ್ದೆ. ಈ ವರ್ಷ ಕಂಡೆ ಅಂತ ಬಂದಿದೀಯ," ಎಂದ ಹೊಸ ಕಾವಲುಗಾರ. "ಯಾವ ಬಾಯಿ ನಂಬೋದು?"

ಹುಣ್ಣಿಮೆಯ ಮರುದಿನ ಹಳೆಯ ಕಾವಲುಗಾರ ದಾರಿಗೆ ಹೋಗಿ ಬಂಡೆಗಳ ನಡುವೆ ಅಡ್ಡ ಮಲಗಿದ. ನಾಲ್ಕು ಜನ ಎತ್ತಿ ಪಕ್ಕಕ್ಕೆ ಕೂರಿಸಿದರು. ಕೆಂದಿಯ ಹೆಸರು ಹೇಳಿ ಹುರಿ ಕೊಯ್ದರು. ಊರಿನ ದನವೆಲ್ಲ ಅವನ ಕಣ್ಣ ಮುಂದೆಯೇ ಹತ್ತಿ ಹೋಯಿತು. ತಂಗಿಯ ಕಡಸು ಮಾತ್ರ ಕೊಟ್ಟಿಗೆಯಲ್ಲೇ ಉಳಿಯಿತು. ಮೇಲೆ ಹೋದವು ಮೊಳಕೆ ನೆಕ್ಕಿದವು, ಬೇರು ಕಿತ್ತವು, ಗೊರಸಿನಿಂದ ನೆಲವನ್ನು ಪುಡಿ ಮಾಡಿದವು. ಕೊನೆಗೆ ಮಳೆ ಬಂದಾಗ ಎಲ್ಲ ಒಂದೇ ಸಲ ಬಂತು. ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ನೀರಿನ ಜೊತೆ ಇಳಿಯಿತು. ಬೆಟ್ಟದ ಒಂದು ಮಗ್ಗುಲು ಬರಿಯ ಕಲ್ಲಾಗಿ ನಿಂತಿತು. ಅಲ್ಲಿ ಮತ್ತೆ ಹುಲ್ಲು ಬರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಇನ್ನೂ ಏನೋ ಉಳಿದಿದೆ ಎಂದು ಮರುಳಯ್ಯ ಕಾದ. ಉಳಿದಿರಲಿಲ್ಲ. ಅವನಿಗೆ ಒಳಗೇ ಚಡಪಡಿಕೆಯಾಯಿತು. ಬೆಳಗಾದರೆ ಹೊರಡಬೇಕು, ಕೈ ಬರಿದಾಗಿಯೇ ಇದೆ.

"ನೇರಳೆ ನಂಬಿದರೂ ಕೆಟ್ಟರು, ಕೆಂದಿ ದಾಟಿದ ದಿನ ನಂಬಿದರೂ ಕೆಟ್ಟರು," ಎಂದ. "ಹಾಗಾದರೆ ಬೆಟ್ಟ ಬಿಡುವುದಕ್ಕೆ ಸರಿಯಾದ ಗುರುತು ಯಾವುದು, ಗುರುಗಳೇ? ಅದನ್ನಾದರೂ ಹೇಳಿ."

"ನೀನೂ ಆ ಊರಿನವರ ಹಾಗೆ ಬೆಟ್ಟದ ಕೆಳಗೆ ಕೂತೇ ಗುರುತು ಕೇಳುತ್ತಿದ್ದೀಯಲ್ಲ, ಮರುಳಯ್ಯ," ಎಂದರು ಗುರುಗಳು.

ಮರುಳಯ್ಯ ಗುರುಗಳ ಕಾಲಿಗೆ ನಮಸ್ಕರಿಸಿ ಬರಿಗೈಯಲ್ಲೇ ಎದ್ದ.